ಸಿಎನ್‌ಸಿ ರೌಟರ್‌ನಲ್ಲಿ ವೃತ್ತ ಗುಂಡಗೆ ಬರುತ್ತಿಲ್ಲ, ಅಂಚೂ ಸುಡುತ್ತಿದೆ

ಪ್ರಶ್ನೆ: ಸರ್, ನಮಸ್ತೆ. ಹವ್ಯಾಸಕ್ಕೆ ಅಂತ ನಾನೇ ಒಂದು ಸಿಎನ್‌ಸಿ ರೌಟರ್ (ಕಂಪ್ಯೂಟರ್ ಹೇಳಿದಂತೆ ಮರ ಕತ್ತರಿಸುವ ಯಂತ್ರ) ಕಟ್ಟಿಕೊಂಡಿದ್ದೇನೆ. ನೆಮಾ 23 ಸ್ಟೆಪ್ಪರ್ ಮೋಟಾರ್, ಟಿ8 ಲೀಡ್ ಸ್ಕ್ರೂ (ತಿರುಗಿ ಆಕ್ಸಿಸನ್ನು ಸರಿಸುವ ಥ್ರೆಡ್ ಇರುವ ರಾಡ್), ಆರ್ಡುಯಿನೋ ಊನೋ ಬೋರ್ಡ್ ಮೇಲೆ ಮಷಿನ್ ನಡೆಸುವ ಜಿಆರ್‌ಬಿಎಲ್ ಸಾಫ್ಟ್‌ವೇರ್. ಗ್ಯಾಂಟ್ರಿ (ರೌಟರನ್ನು ಹೊತ್ತು ಓಡುವ ಅಡ್ಡ ಚೌಕಟ್ಟು) ಎರಡು 16 ಮಿ.ಮೀ. ದುಂಡು ರಾಡ್ ಮೇಲೆ ಓಡುತ್ತದೆ, ರಾಡ್‌ಗೆ ತುದಿಗಳಲ್ಲಿ ಮಾತ್ರ ಆಸರೆ. ವೈ ಆಕ್ಸಿಸ್‌ಗೆ (ಗ್ಯಾಂಟ್ರಿ ಹಿಂದೆ ಮುಂದೆ ಓಡುವ ದಿಕ್ಕು) ಎರಡೂ ಬದಿ ಒಂದೊಂದು ಮೋಟಾರ್. ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟಾರ್) ಬದಲು ಟ್ರಿಮ್ ರೌಟರ್, 6 ಮಿ.ಮೀ. ಎರಡು ಫ್ಲೂಟಿನ (ಕತ್ತರಿಸುವ ಅಂಚಿನ) ಬಿಟ್.

ಪ್ಲೈವುಡ್‌ನಲ್ಲಿ 100 ಮಿ.ಮೀ. ವೃತ್ತ ಕತ್ತರಿಸಿ ವರ್ನಿಯರ್ ಹಿಡಿದರೆ ಜಾಸ್ತಿ ಇರುವ ಕಡೆ 100.6, ಕಡಿಮೆ ಇರುವ ಕಡೆ 99.5. ಸ್ಟೆಪ್ಸ್ ಪರ್ ಎಂಎಂ ಅಂಕಿಯನ್ನು (ಒಂದು ಮಿ.ಮೀ. ಸರಿಯಲು ಮೋಟಾರ್ ಹಾಕಬೇಕಾದ ಸ್ಟೆಪ್‌ಗಳು) ಚೂರು ಚೂರು ಬದಲಿಸಿ ನೋಡಿದೆ. ಒಂದು ಸರಿ ಬಂತು ಅನ್ನುವಷ್ಟರಲ್ಲಿ ಮುಂದಿನದು ಹಾಳು. ಅಂಚು ಬೇರೆ ಕಪ್ಪಾಗುತ್ತಿದೆ. ಬಿಟ್ ಮುರಿದೀತು ಅಂತ ಫೀಡನ್ನು (ಬಿಟ್ ಮರದಲ್ಲಿ ಮುಂದೆ ಸಾಗುವ ವೇಗ) ನಿಮಿಷಕ್ಕೆ 500 ಮಿ.ಮೀ.ಗೆ ಇಳಿಸಿದ್ದೇನೆ. ರೌಟರ್ ಮಾತ್ರ ಫುಲ್ ಸ್ಪೀಡ್, ನಿಮಿಷಕ್ಕೆ 30,000 ಸುತ್ತು. ಎಲ್ಲಿ ಎಡವಟ್ಟಾಗಿದೆ?

ಉತ್ತರ (ಮಷಿನ್ ಅಲೈನ್‌ಮೆಂಟ್ ಕೆಲಸ ಮಾಡುವವರು): ಮೊದಲು ಆ ಅಂಕಿಯನ್ನು ಇದ್ದ ಜಾಗಕ್ಕೆ ತನ್ನಿ. ಸ್ಟೆಪ್ಸ್ ಪರ್ ಎಂಎಂ ಅನ್ನುವುದು ಲೆಕ್ಕದಿಂದ ಬರುವ ಸಂಖ್ಯೆ, ರುಚಿಗೆ ತಕ್ಕಷ್ಟು ಹಾಕುವ ಉಪ್ಪಲ್ಲ. 1.8 ಡಿಗ್ರಿ ಮೋಟಾರ್ ಒಂದು ಸುತ್ತಿಗೆ 200 ಸ್ಟೆಪ್ ಹಾಕುತ್ತದೆ. ಮೋಟಾರ್ ಡ್ರೈವರ್ 8 ಮೈಕ್ರೋಸ್ಟೆಪ್‌ನಲ್ಲಿದ್ದರೆ, ಅಂದರೆ ಒಂದು ಸ್ಟೆಪ್ಪನ್ನು ಎಂಟು ಭಾಗ ಮಾಡಿದರೆ, 1,600. ನಿಮ್ಮ ಸ್ಕ್ರೂ ಸುತ್ತಿಗೆ 8 ಮಿ.ಮೀ. ಸರಿಯುವಂಥದ್ದಾದರೆ 1,600 ಭಾಗ 8, ಅಂದರೆ 200. ಟಿ8ರಲ್ಲಿ 2 ಮಿ.ಮೀ. ಲೀಡಿನವೂ ಸಿಗುತ್ತವೆ, ಅದಕ್ಕೆ 800 ಆಗಬೇಕು. ಕೈಯಲ್ಲಿ ಒಂದು ಸುತ್ತು ತಿರುಗಿಸಿ ನಟ್ ಎಷ್ಟು ಸರಿಯಿತು ಅಂತ ಅಳೆದುಬಿಡಿ. ಬಂದ ಅಂಕಿಯನ್ನು ಜಿಆರ್‌ಬಿಎಲ್‌ನ $100 (ಎಕ್ಸ್), $101 (ವೈ) ಸೆಟ್ಟಿಂಗ್‌ಗಳಲ್ಲಿ ಹಾಕಿ, ಅಲ್ಲಿಗೆ ಅದರ ಕಥೆ ಮುಗಿಯಿತು. ಕಬ್ಬಿಣದಲ್ಲಿರುವ ದೋಷವನ್ನು ಸಾಫ್ಟ್‌ವೇರ್‌ನಲ್ಲಿ ಮುಚ್ಚಲು ಹೋದರೆ ಅದು ಮುಂದಿನ ತುಂಡಿನಲ್ಲಿ ಬೇರೆ ಕಡೆ ತಲೆ ಎತ್ತುತ್ತದೆ.

ಈಗ ಬಿಟ್ ತೆಗೆದು ಅದರ ಜಾಗದಲ್ಲಿ ಪೆನ್ ಕಟ್ಟಿ. ಪೆನ್ ಅಲ್ಲಾಡಬಾರದು, ಕಾಗದವನ್ನು ಹಗುರವಾಗಿ ಮುಟ್ಟಿದರೆ ಸಾಕು. ಅದೇ 100ರ ವೃತ್ತ ಮತ್ತು 300 ಮಿ.ಮೀ. ಚೌಕ ಬರೆಸಿ. ಪೆನ್ನಿಗೆ ಮರದ ಪ್ರತಿರೋಧ ಇಲ್ಲ ಅಲ್ವಾ, ಹಾಗಾಗಿ ಯಾವ ತಪ್ಪು ಯಾರದ್ದು ಅಂತ ಬೇರೆ ಬೇರೆ ಕಾಣುತ್ತದೆ. ವೃತ್ತ ಎಕ್ಸ್ ಅಥವಾ ವೈ ಉದ್ದಕ್ಕೆ ನೆಟ್ಟಗೆ ಎಳೆದಂತಿದ್ದರೆ ಸ್ಟೆಪ್ಸ್ ಲೆಕ್ಕ ತಪ್ಪು. ಓರೆಯಾಗಿ, 45 ಡಿಗ್ರಿಗೆ ಎಳೆದಂತಿದ್ದರೆ ಗ್ಯಾಂಟ್ರಿ ಮೂಲೆಮಟ್ಟಕ್ಕಿಲ್ಲ. ಗಡಿಯಾರದ 12, 3, 6, 9ರ ಜಾಗದಲ್ಲಿ ಸಣ್ಣ ಚಪ್ಪಟೆ ಅಥವಾ ಮೆಟ್ಟಿಲು ಕಂಡರೆ ಅದು ಬ್ಯಾಕ್‌ಲ್ಯಾಷ್. ಆಕ್ಸಿಸ್ ದಿಕ್ಕು ಬದಲಿಸುವುದು ಅಲ್ಲೇ, ನಟ್‌ನೊಳಗಿನ ಪ್ಲೇ, ಅಂದರೆ ಸಡಿಲ, ಹೊರಬೀಳುವುದೂ ಅಲ್ಲೇ. ಗೆರೆ ಶುರುವಾದ ಜಾಗಕ್ಕೇ ಬಂದು ಸೇರದಿದ್ದರೆ ಸ್ಟೆಪ್ ತಪ್ಪುತ್ತಿದೆ ಅಥವಾ ಮೋಟಾರನ್ನು ಲೀಡ್ ಸ್ಕ್ರೂಗೆ ಜೋಡಿಸುವ ಕಪ್ಲಿಂಗ್‌ನ ಗ್ರಬ್ ಸ್ಕ್ರೂ ಜಾರುತ್ತಿದೆ. ಪೆನ್ನಿನ ವೃತ್ತ ಪಕ್ಕಾ ಇದ್ದು ಮರದ್ದು ಮಾತ್ರ ಕೆಟ್ಟಿದ್ದರೆ ಮಷಿನ್ ಬಾಗುತ್ತಿದೆ ಅಂತ ಅರ್ಥ.

ಕೊನೆಯದು ನಿಮ್ಮಲ್ಲಿ ಇದ್ದೇ ಇದೆ ಅಂತ ನನ್ನ ಅನುಮಾನ. ತುದಿಗಳಲ್ಲಿ ಮಾತ್ರ ಹಿಡಿದ ರಾಡ್ ಎಷ್ಟು ಬಾಗುತ್ತದೆ ಅನ್ನುವುದು ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. ಉದ್ದ ಎರಡರಷ್ಟಾದರೆ ಬಾಗು ಎಂಟರಷ್ಟು. ಡಯಲ್ ಗೇಜ್ (ಸೂಕ್ಷ್ಮ ಅಲುಗಾಟ ಅಳೆಯುವ, ಗಡಿಯಾರದಂಥ ಉಪಕರಣ) ಇದ್ದರೆ ಮ್ಯಾಗ್ನೆಟ್ ಬೇಸ್ ಮೇಲೆ ನಿಲ್ಲಿಸಿ, ಅದರ ಮೊನೆಯನ್ನು ಬಿಟ್ ಹಿಡಿಯುವ ಕಲೆಟ್‌ಗೆ ತಾಗಿಸಿ, ರೌಟರನ್ನು ಬೆರಳಲ್ಲಿ ಒತ್ತಿ ನೋಡಿ. ಬೆರಳಿಗೇ ಕಾಲು ಮಿಲಿಮೀಟರ್ ಓಡಿದರೆ ಬಿಟ್ ಮರಕ್ಕೆ ಕಚ್ಚಿದಾಗ ಕೇಳಬೇಕಾ? ಇದಕ್ಕೆ ಉದ್ದಕ್ಕೂ ಆಸರೆ ಇರುವ ಎಸ್‌ಬಿಆರ್16 ರೈಲು ಅಥವಾ ಚೌಕ ಲೀನಿಯರ್ ಗೈಡ್ ಹಾಕಿ. ದೊಡ್ಡ ಮೋಟಾರ್ ತರುತ್ತೇನೆ ಅನ್ನಬೇಡಿ. ನೆಮಾ 23 ಅನ್ನುವಲ್ಲಿ 23 ಅಂದರೆ ಮುಖದ ಅಳತೆ, 2.3 ಇಂಚು, ಅಷ್ಟೇ. ಬಲ ಸಾಲದೆ ಬಂದ ಸಮಸ್ಯೆ ಇದಲ್ಲ.

ಸುಡುವುದಕ್ಕೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. 500ನ್ನು 30,000 ಮತ್ತು 2 ಫ್ಲೂಟ್‌ಗಳಿಂದ ಭಾಗಿಸಿ: ಒಂದು ಫ್ಲೂಟಿನ ಪಾಲಿಗೆ 0.008 ಮಿ.ಮೀ. ಅಷ್ಟರಲ್ಲಿ ಬಿಟ್ ಕತ್ತರಿಸುವುದಿಲ್ಲ, ಸುಮ್ನೆ ಉಜ್ಜುತ್ತದೆ. ಉಜ್ಜಿದರೆ ಬಿಸಿ, ಬಿಸಿಯಾದರೆ ಬಿಟ್ ಬೇಗ ಮೊಂಡಾಗುತ್ತದೆ, ಮೊಂಡಾದರೆ ಇನ್ನೂ ಉಜ್ಜುತ್ತದೆ. ರೌಟರನ್ನು 12,000ಕ್ಕೆ ಇಳಿಸಿ ಫೀಡನ್ನು 1,200ಕ್ಕೆ ಏರಿಸಿ. ಆಗ ಫ್ಲೂಟಿಗೆ 0.05 ಸಿಗುತ್ತದೆ. ಭಯವಾದರೆ ಆಳ ಕಡಿಮೆ ಮಾಡಿ, ಒಂದು ಸಲಕ್ಕೆ ಒಂದೂವರೆ ಮಿ.ಮೀ. ಸಾಕು. ಫೀಡ್ ಮಾತ್ರ ಇಳಿಸಬೇಡಿ. ಕೈಗೆ ಬರುವುದು ಹಿಟ್ಟಿನಂಥ ಪುಡಿಯೋ ಕಾಳುಕಾಳಾದ ಹೊಟ್ಟೋ ಅಂತ ಮುಟ್ಟಿ ನೋಡಿ (ರೌಟರ್ ನಿಂತ ಮೇಲೆ!). ಕಾಳುಕಾಳಾಗಿದ್ದರೆ ಬಿಟ್ ಕತ್ತರಿಸುತ್ತಿದೆ. ಎಂಡಿಎಫ್‌ಗೆ ಈ ಪರೀಕ್ಷೆ ನಡೆಯುವುದಿಲ್ಲ, ಅದು ಹೇಗೆ ಕತ್ತರಿಸಿದರೂ ಪುಡಿಯೇ.

ಇನ್ನೊಬ್ಬ ಸದಸ್ಯರು: ನಡುವೆ ನನ್ನದೊಂದು. ಸ್ಪಿಂಡಲ್ ಆನ್ ಮಾಡಿದ ತಕ್ಷಣ ಲಿಮಿಟ್ ಸ್ವಿಚ್ (ಆಕ್ಸಿಸ್ ತುದಿ ಮುಟ್ಟಿದಾಗ ಮಷಿನ್ ನಿಲ್ಲಿಸುವ ಸ್ವಿಚ್) ಅಲಾರಂ ಬರುತ್ತದೆ. ಸ್ವಿಚ್ ಯಾರೂ ಮುಟ್ಟಿರುವುದಿಲ್ಲ.

ಉತ್ತರ: ಸ್ಪಿಂಡಲ್ ವೈರಿನ ಗದ್ದಲ ಸ್ವಿಚ್ ವೈರಿಗೆ ಹತ್ತುತ್ತಿದೆ. ಎರಡನ್ನೂ ಒಂದೇ ಕೇಬಲ್ ಚೈನ್‌ನಲ್ಲಿ ತುರುಕಿದ್ದೀರಾ ನೋಡಿ, ಇದ್ದರೆ ಬೇರೆ ಮಾಡಿ. ಶೀಲ್ಡ್ ಕೇಬಲ್ ಹಾಕಿ, ಶೀಲ್ಡನ್ನು ಕಂಟ್ರೋಲರ್ ಕಡೆಯ ಒಂದೇ ತುದಿಯಲ್ಲಿ ಅರ್ಥ್ ಮಾಡಿ. ಸ್ವಿಚ್‌ಗಳನ್ನು ನಾರ್ಮಲಿ ಕ್ಲೋಸ್ಡ್ ಆಗಿ (ಮುಟ್ಟದಿದ್ದಾಗ ಕರೆಂಟ್ ಹರಿಯುವಂತೆ) ಜೋಡಿಸಿ ಜಿಆರ್‌ಬಿಎಲ್‌ನ $5ನ್ನು 1 ಮಾಡಿದರೆ ಇನ್ನೂ ಒಳ್ಳೆಯದು. ವೈರ್ ತುಂಡಾದರೂ ಮಷಿನ್ ನಿಲ್ಲುತ್ತದೆ.

ಮತ್ತೊಬ್ಬ ಸದಸ್ಯರು: ಮೂರು ಗಂಟೆಯ ಕೆತ್ತನೆ ಹಾಕಿ ಬೇರೆ ಕೆಲಸ ನೋಡಿಕೊಳ್ಳಬಹುದಾ ಸರ್?

ಉತ್ತರ: ಬೇಡ. ಟ್ರಿಮ್ ರೌಟರ್ ಸಾಮಾನ್ಯವಾಗಿ ಜಿಆರ್‌ಬಿಎಲ್ ಮಾತು ಕೇಳುವುದಿಲ್ಲ, ಅದಕ್ಕೆ ತನ್ನದೇ ಸ್ವಿಚ್. ಪ್ರೋಗ್ರಾಂ ಅಲಾರಂ ಕೊಟ್ಟು ನಿಂತರೆ ಗ್ಯಾಂಟ್ರಿ ನಿಲ್ಲುತ್ತದೆ, ಬಿಟ್ ಅದೇ ಜಾಗದಲ್ಲಿ ತಿರುಗುತ್ತಲೇ ಇರುತ್ತದೆ. ಮರ ಕೆಂಡವಾಗುತ್ತದೆ, ಆ ಕೆಂಡವನ್ನು ಡಸ್ಟ್ ಕಲೆಕ್ಟರ್ ಎಳೆದುಕೊಂಡರೆ ಒಳಗೆ ಒಣ ಹೊಟ್ಟು ಕಾದಿರುತ್ತದೆ. ಎಮರ್ಜೆನ್ಸಿ ಬಟನ್ ಒತ್ತಿದರೆ ರೌಟರಿನ ಕರೆಂಟೂ ಹೋಗುವಂತೆ ವೈರಿಂಗ್ ಮಾಡಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕು, ಕೈಗವಸು ಬೇಡ. ಬಿಟ್ ಬಟ್ಟೆಯನ್ನು ಸುತ್ತಿಕೊಂಡರೆ ಬೆರಳೂ ಜೊತೆಗೆ ಹೋಗುತ್ತದೆ.

ಪ್ರಶ್ನೆ ಕೇಳಿದವರು: ಪೆನ್ ಕಟ್ಟಿ ಬರೆಸಿದೆ ಸರ್. ವೃತ್ತ ಓರೆಯಾಗಿ ಎಳೆದಂತಿದೆ, ಆದರೆ ಮರದಷ್ಟು ಕೆಟ್ಟಿಲ್ಲ. 300ರ ಚೌಕದಲ್ಲಿ ಮೂಲೆಯಿಂದ ಮೂಲೆಗೆ ಒಂದು 425.4, ಇನ್ನೊಂದು 423.1. ಉದ್ದವಾಗಿರುವುದು ನನ್ನ ಹತ್ತಿರದ ಎಡಮೂಲೆಯಿಂದ ದೂರದ ಬಲಮೂಲೆಗೆ. ಸುಡುವುದು ನಿಂತಿತು.

ಉತ್ತರ: ಸರಿ, ಎರಡೂ ಸೇರಿದೆ. ಮೂಲೆಗಳ ಅಳತೆಯಲ್ಲಿ 2.3 ವ್ಯತ್ಯಾಸ ಅಂದರೆ 300 ಮಿ.ಮೀ.ಗೆ ಗ್ಯಾಂಟ್ರಿ ಸುಮಾರು 1.6 ಓರೆ. 100ರ ವೃತ್ತದಲ್ಲಿ ಇದರಿಂದಲೇ ಅರ್ಧ ಮಿ.ಮೀ. ಹೋಗುತ್ತದೆ. ನಿಮಗೆ ಬಂದದ್ದು 1.1, ಉಳಿದದ್ದು ಬಹುಪಾಲು ರಾಡ್ ಬಾಗಿ ಬಂದದ್ದು. ಓರೆಯನ್ನು ಸ್ಟೆಪ್ಸ್ ಅಂಕಿಯಿಂದ ತಿದ್ದಲು ಸಾಧ್ಯವೇ ಇಲ್ಲ, ಅದಕ್ಕೇ ನಿಮಗೆ ಅಷ್ಟು ಪರದಾಟ.

ನಿಮ್ಮ ಬಲಬದಿ ಮುಂದಿದೆ. ಪವರ್ ಆಫ್ ಮಾಡಿ, ಗ್ಯಾಂಟ್ರಿಯ ಪಕ್ಕದ ಪ್ಲೇಟಿನ ಬೋಲ್ಟ್‌ಗಳನ್ನು ಅರ್ಧ ಸಡಿಲಿಸಿ, ಬಲಗಡೆಯ ಸ್ಕ್ರೂ ಮಾತ್ರ ತಿರುಗಿಸಿ ಹಿಂದೆ ತನ್ನಿ. ಎರಡು ಸ್ಕ್ರೂಗಳ ನಡುವೆ 600 ಮಿ.ಮೀ. ಇದ್ದರೆ ಸುಮಾರು 3.2 ಮಿ.ಮೀ. ಬೇಕು, 8ರ ಲೀಡಿನಲ್ಲಿ ಅರ್ಧ ಸುತ್ತಿಗಿಂತ ಸ್ವಲ್ಪ ಕಡಿಮೆ. ಬೋಲ್ಟ್ ಬಿಗಿ ಮಾಡಿ ಮತ್ತೆ ಚೌಕ ಬರೆಸಿ. ಎರಡು ಮೂಲೆ ಅಳತೆಯೂ 424.3ರ ಹತ್ತಿರ ಬರುವ ತನಕ ಬಿಡಬೇಡಿ. ಆಮೇಲೆ ಹಿಂಬದಿ ಎರಡೂ ಕಡೆ ಗಟ್ಟಿ ಸ್ಟಾಪ್ ಕೂರಿಸಿ. ಪ್ರತಿ ಸಲ ಪವರ್ ಕೊಡುವ ಮುಂಚೆ ಗ್ಯಾಂಟ್ರಿಯನ್ನು ಎರಡಕ್ಕೂ ತಾಗಿಸಿ, ಇಲ್ಲದಿದ್ದರೆ ಪವರ್ ಆಫ್ ಇದ್ದಾಗ ಯಾರಾದರೂ ಒಂದು ಬದಿ ತಳ್ಳಿದರೆ ಮತ್ತೆ ಓರೆಯಾಗುತ್ತದೆ. ರೈಲು ಬದಲಿಸಿದ ಮೇಲೆ ಡಯಲ್ ಗೇಜ್ ಅಳತೆ ಇಲ್ಲಿ ಹಾಕಿ, ನೋಡೋಣ.