ಹತ್ತಿ ಮೊಗ್ಗು ಉದುರುವುದು ಹುಳದಿಂದಲೋ, ಹಾರ್ಮೋನಿನಿಂದಲೋ?

ಪ್ರಶ್ನೆ: ಮೇಡಂ, ಹತ್ತಿಯಲ್ಲಿ ಮೊಗ್ಗು ಸಿಕ್ಕಾಪಟ್ಟೆ ಉದುರುತ್ತಿವೆ. ಹುಳ ಅಂತ ಕೆಲವರು, ಹಾರ್ಮೋನ್ ಕಮ್ಮಿ ಅಂತ ಕೆಲವರು. ಎನ್‌ಎಎ ಅನ್ನುವ ಹಾರ್ಮೋನ್ ಔಷಧಿ ಹೊಡೆಯಲಾ?

ಉತ್ತರ: ಇಬ್ಬರೂ ಪೂರ್ತಿ ತಪ್ಪಲ್ಲ. ಬಿದ್ದ ಮೊಗ್ಗಿನ ತೊಟ್ಟಿನ ತುದಿ ನೋಡಿ. ಕಿತ್ತ ಹಾಗೆ ನಾರುನಾರಾಗಿರುವುದಿಲ್ಲ, ನಯವಾಗಿರುತ್ತದೆ. ಗಿಡವೇ ಕಳಚಿ ಹಾಕಿದ್ದು ಅದು. ಚೆನ್ನಾಗಿರುವ ಮೊಗ್ಗಿನಿಂದ ಆಕ್ಸಿನ್ ಅನ್ನುವ ಹಾರ್ಮೋನ್ ತೊಟ್ಟಿಗೆ ಇಳಿಯುತ್ತಿರುತ್ತದೆ. ಇಳಿಯುವವರೆಗೆ ತೊಟ್ಟಿನ ಬುಡ ಗಟ್ಟಿ. ಅದು ಕಡಿಮೆಯಾಯಿತೋ, ಉದುರುವಂತೆ ಮಾಡುವ ಎಥಿಲೀನ್ ಅನ್ನುವ ಇನ್ನೊಂದು ಹಾರ್ಮೋನಿನ ಕೈ ಮೇಲಾಗುತ್ತದೆ. ಜೀವಕೋಶಗಳನ್ನು ಹಿಡಿದಿಟ್ಟ ಅಂಟನ್ನು ಕಿಣ್ವಗಳು ಕರಗಿಸುತ್ತವೆ. ಹುಳ ಕೊರೆದರೂ, ನೀರು ನಿಂತರೂ, ಒಣಗಿದರೂ, ದಿನಗಟ್ಟಲೆ ಮೋಡ ಮುಚ್ಚಿದರೂ ಕೊನೆಗೆ ಆಗುವುದು ಇದೇ. (ಅಬ್ಸಿಸಿಕ್ ಆಮ್ಲ ಅನ್ನುವ ಮತ್ತೊಂದು ಹಾರ್ಮೋನನ್ನು 1960ರ ದಶಕದಲ್ಲಿ ಹತ್ತಿ ಕಾಯಿಯಿಂದ ಬೇರ್ಪಡಿಸಿ, ಉದುರಿಸುವುದು ಇದೇ ಅಂದುಕೊಂಡು ಹೆಸರಿಟ್ಟರು. ಆಮೇಲೆ ನೋಡಿದರೆ ಹೆಚ್ಚಿನ ಕೆಲಸ ಎಥಿಲೀನ್‌ದು!)

ಎನ್‌ಎಎ ಅಂದರೆ ಆಕ್ಸಿನ್ ಥರದ್ದೇ ವಸ್ತು. ಹುಳ ಹೊಕ್ಕ ಮೊಗ್ಗನ್ನು ಅದು ಉಳಿಸುವುದಿಲ್ಲ. ಬಿದ್ದದ್ದರಲ್ಲಿ 20 ಮೊಗ್ಗು ಬಿಡಿಸಿ ನೋಡಿ. ತೂತು, ಹಿಕ್ಕೆ ಇದೆಯಾ?

ಪ್ರಶ್ನೆ: ನೋಡುತ್ತೇನೆ. ಎನ್‌ಎಎ ಸ್ವಲ್ಪ ಜಾಸ್ತಿ ಹಾಕಿದರೆ ಬೇಗ ನಿಲ್ಲುತ್ತೆ ಅಲ್ವಾ?

ಉತ್ತರ: ಉಲ್ಟಾ ಆಗುತ್ತದೆ. ಜಾಸ್ತಿಯಾದರೆ ಗಿಡ ಎಥಿಲೀನ್ ಹೆಚ್ಚು ಮಾಡುತ್ತದೆ. ಸೇಬಿನಲ್ಲಿ ಎಳೆ ಕಾಯಿ ಉದುರಿಸಲು ಎನ್‌ಎಎಯನ್ನೇ ಬಳಸುತ್ತಾರೆ. ಹತ್ತಿಗೆ 10 ಪಿಪಿಎಂ (ಲೀಟರ್ ನೀರಿಗೆ 10 ಮಿಲಿಗ್ರಾಂ) ಸಾಕು, ಅಂದರೆ 4.5% ದ್ರಾವಣವಾದರೆ 4.5 ಲೀಟರ್ ನೀರಿಗೆ 1 ಮಿಲಿ.

ಇನ್ನೊಬ್ಬರ ಪ್ರಶ್ನೆ: ಜಾಸ್ಮೋನಿಕ್ ಆಮ್ಲ ಹೊಡೆದರೆ ಹುಳವೇ ಬರಲ್ಲ ಅಂತಾರೆ, ನಿಜವಾ?

ಉತ್ತರ: ಅರ್ಧ ನಿಜ. ಜಾಸ್ಮೋನಿಕ್ ಆಮ್ಲ ಅಂದರೆ ಗಿಡದ್ದೇ ಕಾವಲು ಹಾರ್ಮೋನ್. ಹುಳ ಎಲೆ ಅಗಿದ ಕೂಡಲೇ ಗಿಡದಲ್ಲಿ ಜಾಸ್ಮೋನಿಕ್ ಆಮ್ಲ ಏರುತ್ತದೆ. ಆಗ ಹುಳದ ಹೊಟ್ಟೆಯಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ವಸ್ತುಗಳನ್ನು ಗಿಡ ತಯಾರಿಸುತ್ತದೆ. ಟೊಮ್ಯಾಟೊದಲ್ಲಿ ಕೆಳಗಿನ ಎಲೆ ಅಗಿದರೆ ಮೇಲಿನ ಎಲೆಯೂ ಎಚ್ಚರವಾಗುತ್ತದೆ. ಆದರೆ ಈ ಕಾವಲು ಪುಕ್ಕಟೆ ಅಲ್ಲ, ಬೆಳವಣಿಗೆ ಕುಗ್ಗುತ್ತದೆ. ಜಾಸ್ತಿಯಾದರೆ ಎಲೆ ಬೇಗ ಹಣ್ಣಾಗಿ ಉದುರಲೂಬಹುದು. ಇನ್ನೊಂದು ತೊಡಕು: ಎಷ್ಟೋ ಗಿಡಗಳಲ್ಲಿ ಸ್ಯಾಲಿಸಿಲಿಕ್ ಆಮ್ಲ ಅನ್ನುವ ಇನ್ನೊಂದು ಕಾವಲು ಹಾರ್ಮೋನ್ ಏರಿದರೆ ಜಾಸ್ಮೋನಿಕ್ ದಾರಿ ತಗ್ಗುತ್ತದೆ. ಬಿಳಿ ನೊಣ ಕಿಲಾಡಿ, ಮೊದಲನೆಯದನ್ನು ಏರಿಸಿ ಎರಡನೆಯದರಿಂದ ತಪ್ಪಿಸಿಕೊಳ್ಳುತ್ತದೆ.

ಮೊದಲು ಕೇಳಿದವರು: ಮೇಡಂ, 20ರಲ್ಲಿ 13ಕ್ಕೆ ತೂತು! ಮೊಗ್ಗಿನ ಸುತ್ತಲಿನ ಎಲೆಗಳೂ ಬಾಯಿ ಬಿಟ್ಟಿವೆ.

ಉತ್ತರ: ಹಾಗಾದರೆ ಕಾಯಿಕೊರಕ. ಎನ್‌ಎಎ ಬಾಟಲಿ ಸದ್ಯಕ್ಕೆ ಒಳಗಿಡಿ. ಬಿದ್ದ ಮೊಗ್ಗು ಸುಮ್ನೆ ಬಿಡಬೇಡಿ, ಆರಿಸಿ ನಾಶ ಮಾಡಿ. ಕೆಲವದರಲ್ಲಿ ಮರಿಹುಳ ಇನ್ನೂ ಒಳಗೇ ಇರುತ್ತದೆ. ಹುಳದ ಫೋಟೋ ಹಾಕಿ, ಯಾವುದು ಅಂತ ನೋಡಿ ಔಷಧಿ ಹೇಳುತ್ತೇನೆ.