ಗೆರೆಗೂ ಸಿಟ್ಟು ಬರುತ್ತೆ!

ಭಾನುವಾರ ಪ್ರಕಾಶನ ಮನೆಯಲ್ಲಿ ಹೊಸ ಟಿವಿಯ ದರ್ಶನಕ್ಕೆ ಸೇರಿದ್ದೆವು. "ಚಿತ್ರ ಹೆಂಗೆ ಜಾರುತ್ತೆ ನೋಡ್ರೋ, ಬೆಣ್ಣೆ!" ಅಂತ ಅವನು ಬೀಗಿದ. ನಾನು ಸುಮ್ನೆ ಕೂರಲಾರದೆ 'ಲಾ ಲೀನಿಯಾ' ಅನ್ನೋ ಹಳೇ ಕಾರ್ಟೂನ್ ಹಾಕಿದೆ.

"ಏನೋ ಇದು, ಬರೀ ಒಂದು ಗೆರೆ! ಇದಕ್ಕೆ 55 ಇಂಚು ಬೇಕಿತ್ತಾ?"

"ತಡಿ. ಈಗ ಅದಕ್ಕೆ ಮೂಗು ಬರುತ್ತೆ. ಆಮೇಲೆ ಸಿಟ್ಟು ಬರುತ್ತೆ."

ಬಂತು. ಇಟಲಿಯ ಓಸ್ವಾಲ್ಡೊ ಕವಾಂದೋಲಿ ಅನ್ನೋ ಪುಣ್ಯಾತ್ಮ 1969ರಲ್ಲಿ ಹುಟ್ಟಿಸಿದ ಆಸಾಮಿ ಇವನು. ಇವನೂ ಗೆರೆ, ಇವನು ತುಳಿಯೋ ನೆಲವೂ ಅದೇ ಗೆರೆ. ಹಾಡಿಕೊಂಡು ನಡೀತಾ ಇರ್ತಾನೆ, ಗೆರೆ ಮುಗಿದುಹೋದರೆ ಗಕ್ಕನೆ ನಿಂತು, ಬಗ್ಗಿ ನೋಡಿ, ಚಿತ್ರ ಬರೆಯುವವನನ್ನೇ ಹಿಗ್ಗಾಮುಗ್ಗಾ ಬೈಯುತ್ತಾನೆ, ಅದೂ ಯಾವ ಭಾಷೆಯಲ್ಲೂ ಇಲ್ಲದ ಮಾತಿನಲ್ಲಿ (ಕಾರ್ಲೊ ಬೊನೊಮಿ ಅನ್ನುವವರ ಗಂಟಲಿನ ಕರಾಮತ್ತು), ಆಗ ಪೆನ್ಸಿಲ್ ಹಿಡಿದ ಕೈಯೊಂದು ಬಂದು ಗೆರೆ ಮುಂದುವರಿಸುತ್ತದೆ.

"ಥೇಟ್ ನಮ್ಮ ಬೀದಿ" ಅಂದಳು ಸುಮಾ. "ನಡೀತಾ ನಡೀತಾ ರಸ್ತೆ ಮಾಯ. ಬೈದರೆ ಬರೋ ಕೈ ಒಂದಿಲ್ಲ ಅಷ್ಟೆ."

"ಇವನು ಮೊದಲು ಬಂದಿದ್ದು ಅಡುಗೆ ಪಾತ್ರೆ ಕಂಪನಿಯ ಜಾಹೀರಾತಿಗೆ, ಗೊತ್ತಾ?"

"ಅದಕ್ಕೇ ಕುಕ್ಕರ್ ತರ ಕೂಗ್ತಾನೆ!"

ನಗು ನಿಂತ ಮೇಲೆ ನಡಿಗೆ ನೋಡಿ ಅಂದೆ. ಖುಷಿಯಾದಾಗ ಮೊಣಕಾಲು ಪುಟಿಯುತ್ತೆ, ಸಿಟ್ಟಿಗೆ ಕುತ್ತಿಗೆ ಮುಂದೆ ಚಾಚುತ್ತೆ, ಬೇಜಾರಾದರೆ ಇಡೀ ಮೈ ಒದ್ದೆ ಬಟ್ಟೆ ಹಾಗೆ ಜೋತುಬೀಳುತ್ತೆ.

"ಆದ್ರೂ ನನ್ನ ಟಿವಿ ನುಣುಪು..." ಪ್ರಕಾಶ ಬಿಡಲಿಲ್ಲ.

"ನುಣುಪು ಕಾಣಲಿ ಅಂತ ನಿನ್ನ ಟಿವಿ ಒಂದರ ಹಿಂದೊಂದು ಬರೋ ಎರಡು ಚಿತ್ರದ ಮಧ್ಯೆ ಇಲ್ಲದ ಚಿತ್ರ ಸೇರಿಸುತ್ತೆ ಕಣೋ. ಸಾರಿಗೆ ನೀರು ಬೆರೆಸಿದ ಹಾಗೆ. ಮೊದಲು ಅದನ್ನು ಆಫ್ ಮಾಡು."

ಸೆಟ್ಟಿಂಗ್ ಹುಡುಕೋಕೆ ಹತ್ತು ನಿಮಿಷ ಹೋಯಿತು. ಆಮೇಲೆ ಹಂಗೇರಿಯ ಮಾರ್ಸೆಲ್ ಯಾಂಕೋವಿಚ್ ಮಾಡಿದ 'ಸಿಸಿಫಸ್' ಅನ್ನೋ ಕಾರ್ಟೂನ್ ಹಾಕಿದೆ. 1974ರದ್ದು, ಎರಡು ನಿಮಿಷದ್ದು. ಬಿಳಿ ಹಾಳೆ, ಕಪ್ಪು ಕುಂಚ, ಬಂಡೆ ತಳ್ಳುವ ಒಬ್ಬ ಮನುಷ್ಯ (ಇವನೇ ಗ್ರೀಕ್ ಪುರಾಣದ ಸಿಸಿಫಸ್). ಹಾಡಿಲ್ಲ, ಬರೀ ಏದುಸಿರು. ಭಾರ ಜಾಸ್ತಿ ಆದಂತೆ ಗೆರೆ ದಪ್ಪ ಆಗುತ್ತೆ, ಸೋತಾಗ ಸಣ್ಣಗಾಗುತ್ತೆ, ಒಂದು ಹಂತದಲ್ಲಂತೂ ತೋಳು ಎಲ್ಲಿ, ಬೆನ್ನು ಎಲ್ಲಿ, ಯಾವುದೂ ತಿಳಿಯದೆ ಬರೀ ತಿಣುಕಾಟವೇ ಪರದೆ ತುಂಬಾ ಹರಿದಾಡುತ್ತದೆ. ಮೂಳೆ ಲೆಕ್ಕ ಹಾಕಿ ಬರೆದಿದ್ದರೆ ಇಷ್ಟು ನೋವು ಕಾಣುತ್ತಿರಲಿಲ್ಲ, ನನ್ನ ಪ್ರಕಾರ.

ಯಾರೂ ಮಾತಾಡಲಿಲ್ಲ. ಪ್ರಕಾಶ ಸೊಂಟ ಹಿಡಿದುಕೊಂಡು ಟಿವಿಯನ್ನೇ ದಿಟ್ಟಿಸುತ್ತಿದ್ದ.

"ಏನಾಯ್ತೋ?"

"ಮೂರನೇ ಮಹಡಿ. ಲಿಫ್ಟ್ ಕೆಟ್ಟಿತ್ತು. ಇದನ್ನ ಹೊತ್ತು ತಂದಿದ್ದು ನಾನೇ ಕಣ್ರೋ... ಇನ್ನೊಂದ್ಸಲ ಹಾಕು."