ಚಳಿಗಾಲಕ್ಕೆ ನಿಲ್ಲಿಸೋ ಮೋಟರ್‌ಹೋಮ್, ಅದರ ಬ್ಯಾಟರಿ: ಪ್ರಶ್ನೋತ್ತರ

ಪ್ರಶ್ನೆ (ಮಿನಿಯಾಪೊಲಿಸ್ ಸದಸ್ಯರು):
ಎಲ್ಲರಿಗೂ ನಮಸ್ಕಾರ. ಈ ಬೇಸಿಗೇಲಿ ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ (ಒಳಗೇ ಮನೆ ಥರ ಇರೋ ಗಾಡಿ) ತಗೊಂಡ್ವಿ, ಯೆಲ್ಲೋಸ್ಟೋನ್‌ಗೂ ಹೋಗ್ಬಂದ್ವಿ, ಇನ್ನು ನವೆಂಬರ್‌ನಿಂದ ಏಪ್ರಿಲ್‌ವರೆಗೆ ಊರಾಚೆ ಸ್ಟೋರೇಜ್ ಲಾಟ್‌ನಲ್ಲಿ ನಿಲ್ಲಿಸ್ಬೇಕು, ಅಲ್ಲಿ ಕರೆಂಟ್ ಇಲ್ಲ. ಇಂಜಿನ್‌ಗೆ ಒಂದು ಬ್ಯಾಟರಿ, ಒಳಗಿನ ಲೈಟು ಪಂಪು ಎಲ್ಲಕ್ಕೂ 6 ವೋಲ್ಟ್‌ದು ಎರಡು, ನೀರು ಹಾಕೋ ಥರದ್ದು. ಜನವರೀಲಿ ಇಲ್ಲಿ ಮೈನಸ್ 30 ಡಿಗ್ರಿ ಸೆಲ್ಸಿಯಸ್ ಮುಟ್ಟೋದೂ ಉಂಟು. ದಾವಣಗೆರೆಯಿಂದ ಅಪ್ಪ ಫೋನ್ ಮಾಡ್ದಾಗೆಲ್ಲ ವಾರಕ್ಕೊಂದ್ಸಲ ಹೋಗಿ ಹತ್ತು ನಿಮಿಷ ಸ್ಟಾರ್ಟ್ ಮಾಡಿಡು ಸಾಕು ಅಂತಾರೆ. ಬಾಗಿಲ ಹತ್ರ ಒಳಗಿನ ಬ್ಯಾಟರಿ ಕಟ್ ಮಾಡೋ ಒಂದು ಸ್ಟೋರೇಜ್ ಸ್ವಿಚ್ ಇದೆ, ಅದನ್ನ ಆಫ್ ಮಾಡಿದ್ರೆ ಸಾಲಲ್ವಾ? ತಿಳಿದೋರು ದಯವಿಟ್ಟು ಹೇಳಿ.

ಉತ್ತರ (ಗ್ರೂಪಿನ ಆರ್‌ವಿ, ಅಂದ್ರೆ ಮೋಟರ್‌ಹೋಮ್ ಥರದ ಗಾಡಿಗಳ ಟೆಕ್ನಿಷಿಯನ್):
ನಮಸ್ಕಾರ. ಮೊದಲು ಒಂದು ಸಮಾಧಾನದ ಮಾತು, ಫುಲ್ ಚಾರ್ಜ್ ಇರೋ ಬ್ಯಾಟರಿಯನ್ನ ನಿಮ್ಮೂರ ಮೈನಸ್ 30 ಏನೂ ಮಾಡಲ್ಲ. ಒಳಗಿರೋದು ಆಸಿಡ್ ಮತ್ತೆ ನೀರು, ಬ್ಯಾಟರಿ ಇಳೀತಾ ಹೋದ ಹಾಗೆ ಆಸಿಡ್‌ನಲ್ಲಿರೋ ಸಲ್ಫೇಟ್ ಪ್ಲೇಟಿಗೆ ಸೇರ್ಕೊಳತ್ತೆ, ಉಳಿಯೋದು ಹೆಚ್ಚುಕಮ್ಮಿ ನೀರೇ, ನೀರು ಹೆಚ್ಚಾದಷ್ಟೂ ಬೇಗ ಹೆಪ್ಪುಗಟ್ಟತ್ತೆ. ಫುಲ್ ಇದ್ರೆ ಮೈನಸ್ 50ಕ್ಕೂ ಗಟ್ಟಿಯಾಗಲ್ಲ, ಅರ್ಧ ಇದ್ರೆ ಮೈನಸ್ 25ರ ಆಸುಪಾಸಲ್ಲಿ ಕಷ್ಟ ಶುರು, ಪೂರ್ತಿ ಬರಿದಾಗಿದ್ರೆ ಮೈನಸ್ 10 ಕೂಡ ಬೇಕಾಗಿಲ್ಲ. ಮಂಜುಗಡ್ಡೆ ಹಿಗ್ಗಿ ಪ್ಲೇಟು ಬಗ್ಗತ್ತೆ, ಡಬ್ಬ ಸೀಳತ್ತೆ. ಇನ್ನು ಚಳೀಲಿ ಬ್ಯಾಟರಿ ತಾನಾಗಿ ಇಳಿಯೋದು ಕಮ್ಮಿ, ಸುಮಾರು 10 ಡಿಗ್ರಿ ಇಳಿದ್ರೆ ಆ ಸೋರಿಕೆ ಅರ್ಧ ಆಗತ್ತೆ. ಹಾಗಾಗಿ ಚಳಿ ಬಗ್ಗೆ ಚಿಂತೆ ಬೇಡ, ನಿಮಗೆ ಗೊತ್ತಿಲ್ದೆ ಕರೆಂಟ್ ಎಳೀತಾ ಇರೋ ಸಣ್ಣ ಸಣ್ಣ ಸಾಮಾನಿನ ಬಗ್ಗೆ ಚಿಂತೆ ಮಾಡಿ.

ಯಾವ್ಯಾವುದು ಅಂದ್ರೆ ಗ್ಯಾಸ್ ಡಿಟೆಕ್ಟರ್, ರೇಡಿಯೋ ಮೆಮೊರಿ, ಫ್ರಿಡ್ಜ್ ಒಳಗಿನ ಬೋರ್ಡು, ಟಿವಿ ಆಂಟೆನಾ ಬೂಸ್ಟರ್, ಸ್ಟ್ಯಾಂಡ್‌ಬೈಲಿರೋ ಇನ್ವರ್ಟರ್. ಎಲ್ಲ ಸೇರಿ 100 ಮಿಲಿಆಂಪ್ ಅಂತಷ್ಟೇ ಇಟ್ಕೊಳ್ಳಿ, ದಿನಕ್ಕೆ 2.4 ಆಂಪ್ ಅವರ್, ತಿಂಗಳಿಗೆ 72, ಮೂರು ತಿಂಗಳಿಗೆ 216. ನಿಮ್ಮ ಎರಡು 6 ವೋಲ್ಟ್ ಒಂದರ ಹಿಂದೊಂದು ಜೋಡಿಸಿದ್ರೆ (ಸೀರೀಸ್) ಇರೋದೇ 220 ಆಂಪ್ ಅವರ್ ಹತ್ರ. ಅಂದ್ರೆ ಸರಿಯಾಗಿ ಕಡು ಚಳಿ ಇರೋವಾಗ್ಲೇ ಬ್ಯಾಟರಿ ಬರಿದು.

ಆ ಸ್ಟೋರೇಜ್ ಸ್ವಿಚ್ ನಂಬ್ಕೊಂಡು ಹೋಗ್ಬೇಡಿ. ತುಂಬ ಗಾಡೀಲಿ ಗ್ಯಾಸ್ ಡಿಟೆಕ್ಟರ್ ವೈರು ಸ್ವಿಚ್ಚನ್ನ ದಾಟಿಕೊಂಡು ನೇರ ಬ್ಯಾಟರಿಗೇ ಹೋಗಿರತ್ತೆ, ಮೇಲಾಗಿ ಆ ಸ್ವಿಚ್ಚಿಗೂ ಇಂಜಿನ್ ಬ್ಯಾಟರಿಗೂ ಸಾಮಾನ್ಯವಾಗಿ ಸಂಬಂಧಾನೇ ಇರಲ್ಲ. ಗಾಡಿ ಕಡೆ ಹೋಗೋ ನೆಗೆಟಿವ್ ಕೇಬಲ್ ಬಿಚ್ಚಿಬಿಡಿ, ಇಂಜಿನ್ ಬ್ಯಾಟರಿದೂ ಬಿಚ್ಚಿ. ಗ್ಯಾಸ್ ಸಿಲಿಂಡರ್ ವಾಲ್ವ್ ಮುಚ್ಚಿ ಒಳಗೆ ಯಾರೂ ಇರಲ್ಲ ಅಂದ್ಮೇಲೆ ಡಿಟೆಕ್ಟರ್ ಓಡೋ ಅಗತ್ಯ ಇಲ್ಲ.

ಅಪ್ಪನ ಮಾತು ಅಲ್ಲಿನ ಹವೆಗೆ ನಡೀಬಹುದು, ನಿಮ್ಮ ಮಿನೆಸೋಟದಲ್ಲಿ ದಯವಿಟ್ಟು ಬೇಡ. ಅಷ್ಟು ಚಳೀಲಿ ಇಂಜಿನ್ ತಿರುಗಿಸೋಕೇ ತುಂಬ ಕರೆಂಟ್ ಬೇಕು, ತಣ್ಣಗಿರೋ ಬ್ಯಾಟರಿ ಚಾರ್ಜ್ ತಗೊಳ್ಳೋದೂ ನಿಧಾನ, ಹತ್ತು ನಿಮಿಷ ಐಡಲ್ ಬಿಟ್ರೆ ಹೋದಷ್ಟೂ ವಾಪಸ್ ಬರಲ್ಲ. ಇಂಜಿನ್ ಸರಿಯಾಗಿ ಬಿಸಿಯಾಗೋ ಮುಂಚೆ ಆಫ್ ಮಾಡಿದ್ರೆ ಆಯಿಲ್ ಒಳಗೆ, ಸೈಲೆನ್ಸರ್ ಒಳಗೆ ನೀರು ಕೂರತ್ತೆ. ರೋಡಿಗೆ ತೆಗೆಯೋಣ ಅಂದ್ರೆ ಅಲ್ಲಿ ಉಪ್ಪು ಸುರಿದಿರ್ತಾರೆ, ಚಾಸಿಸ್ ತುಕ್ಕು.

ಮರುಪ್ರಶ್ನೆ (ಮಿನಿಯಾಪೊಲಿಸ್):
ತುಂಬ ಥ್ಯಾಂಕ್ಸ್ ಸರ್. ಹಾಗಾದ್ರೆ ಮೂರೂ ಬಿಚ್ಚಿ ಮನೆ ಗ್ಯಾರೇಜಲ್ಲಿ ಇಡ್ಲಾ? ಸಿಮೆಂಟ್ ನೆಲದ ಮೇಲಿಟ್ರೆ ಚಾರ್ಜ್ ಇಳಿಯತ್ತೆ ಅಂತಾರಲ್ಲ?

ಉತ್ತರ:
ಇಡಿ, ಲಾಟ್‌ನಲ್ಲಿ ಕರೆಂಟ್ ಇಲ್ದೋರಿಗೆ ಅದಕ್ಕಿಂತ ಒಳ್ಳೇ ದಾರಿ ಇಲ್ಲ. ಸಿಮೆಂಟ್ ನೆಲದ ಮಾತು ಹಳೇ ಕಾಲದ ಮರದ ಪೆಟ್ಟಿಗೆ, ರಬ್ಬರ್ ಡಬ್ಬದ ಬ್ಯಾಟರಿದು, ಈಗಿನ ಪ್ಲಾಸ್ಟಿಕ್ ಡಬ್ಬಕ್ಕೆ ಏನೂ ಆಗಲ್ಲ. ಬಿಚ್ಚೋ ಮುಂಚೆ ವೈರಿಂಗ್ ಫೋಟೋ ತಗೊಳ್ಳಿ, ಎರಡು 6 ವೋಲ್ಟ್ ನಡುವಿನ ಜೋಡಣೆ ಏಪ್ರಿಲ್‌ಗೆ ಯಾರಿಗೂ ನೆನಪಿರಲ್ಲ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. 6 ವೋಲ್ಟ್‌ದು ಒಂದೊಂದೂ 28 ಕೆಜಿ ಹತ್ರ ಇರತ್ತೆ, ಸೊಂಟ ಜೋಪಾನ, ಓರೆ ಮಾಡ್ಬೇಡಿ.

ನೀರಿನ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ಊರಲ್ಲಿ ಮನೆ ಯುಪಿಎಸ್‌ಗೆ ಹಾಕ್ತೀವಲ್ಲ ಅದೇ ಡಿಸ್ಟಿಲ್ಡ್ ವಾಟರ್, ನಲ್ಲಿ ನೀರು ಬೇಡ. ಪ್ಲೇಟು ಕಾಣ್ತಿದ್ರೆ ಮುಳುಗೋವಷ್ಟು ಹಾಕಿ, ಫುಲ್ ಚಾರ್ಜ್ ಮಾಡಿ, ಆಮೇಲೆ ಲೆವೆಲ್‌ಗೆ ತುಂಬಿಸಿ ಮತ್ತೆ ಸ್ವಲ್ಪ ಹೊತ್ತು ಚಾರ್ಜಿಗೆ ಬಿಡಿ. ನೀರು ಹಾಕಿ ಹಾಗೇ ಚಳೀಲಿ ಇಟ್ರೆ ಅದು ಆಸಿಡ್ ಜೊತೆ ಬೆರೆಯದೆ ಮೇಲೇ ನಿಂತು ಹೆಪ್ಪುಗಟ್ಟತ್ತೆ. ಚಾರ್ಜರ್ ತೆಗೆದು ಒಂದು ರಾತ್ರಿ ಬಿಟ್ಟು ಬೆಳಗ್ಗೆ ಮೀಟರ್ ಹಿಡೀರಿ, ಎರಡೂ ಸೇರಿ 12.6, 12.7 ವೋಲ್ಟ್ ಬಂದ್ರೆ ಸರಿ. ತಿಂಗಳಿಗೊಮ್ಮೆ ನೋಡಿ, 12.4ಕ್ಕಿಂತ ಇಳಿದ್ರೆ ಮತ್ತೆ ಚಾರ್ಜಿಗೆ ಹಾಕಿ, ಹಾಗೇ ಬಿಟ್ರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಆಮೇಲೆ ಎಷ್ಟು ಚಾರ್ಜ್ ಮಾಡಿದ್ರೂ ಮೊದಲಿನ ಹಾಗೆ ಆಗಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಬರತ್ತೆ, ಗಾಳಿ ಆಡೋ ಕಡೆ ಮಾಡಿ, ಫರ್ನೇಸ್, ವಾಟರ್ ಹೀಟರ್ ಪಕ್ಕ ಖಂಡಿತ ಬೇಡ.

ಪ್ರಶ್ನೆ (ಟೊರೊಂಟೊ ಸದಸ್ಯರು):
ನಮ್ಮದು ಮನೆ ಮುಂದೆನೇ ನಿಂತಿರತ್ತೆ ಸರ್, ಇಡೀ ಚಳಿಗಾಲ ಪ್ಲಗ್ ಹಾಕೇ ಇಡಬಹುದಾ?

ಉತ್ತರ:
ನಿಮ್ಮ ಕನ್ವರ್ಟರ್, ಅಂದ್ರೆ ಪ್ಲಗ್ ಹಾಕಿದಾಗ ಬ್ಯಾಟರಿ ಚಾರ್ಜ್ ಮಾಡೋ ಗಾಡಿಯ ಒಳಗಿನ ಡಬ್ಬ, ಯಾವ ಕಾಲದ್ದು ಅನ್ನೋದರ ಮೇಲಿದೆ. ಹೊಸದಾದ್ರೆ ಫುಲ್ ಆದ್ಮೇಲೆ ತಾನೇ 13.2 ವೋಲ್ಟ್ ಹತ್ರಕ್ಕೆ ಇಳಿಸ್ಕೊಳತ್ತೆ, ಧೈರ್ಯವಾಗಿ ಬಿಡಿ. ಹಳೇದು ಯಾವಾಗ್ಲೂ ಒಂದೇ 13.8ರಲ್ಲಿ ತಳ್ತಾ ಇರತ್ತೆ, ತಿಂಗಳುಗಟ್ಟಲೆ ಬಿಟ್ರೆ ನೀರು ಒಣಗಿಸಿಬಿಡತ್ತೆ, ಅಂಥದಕ್ಕೆ ತಿಂಗಳಲ್ಲಿ ಒಂದೆರಡು ದಿನ ಹಾಕಿ ತೆಗೀರಿ. ಎರಡರಲ್ಲೂ ಒಂದು ಎಚ್ಚರಿಕೆ, ಎಷ್ಟೋ ಗಾಡೀಲಿ ಪ್ಲಗ್ ಹಾಕಿದ್ರೆ ಚಾರ್ಜ್ ಆಗೋದು ಒಳಗಿನ ಬ್ಯಾಟರಿ ಮಾತ್ರ, ಇಂಜಿನ್‌ದು ಆಗಲ್ಲ. ಪ್ಲಗ್ ಹಾಕೋ ಮುಂಚೆ ಒಂದ್ಸಲ, ಹಾಕಿದ ಮೇಲೆ ಒಂದ್ಸಲ ಇಂಜಿನ್ ಬ್ಯಾಟರಿಗೆ ಮೀಟರ್ ಹಿಡೀರಿ, ವೋಲ್ಟೇಜ್ ಏರಲಿಲ್ಲ ಅಂದ್ರೆ ಅದಕ್ಕೆ ಬೇರೆ ಸಣ್ಣ ಮೇಂಟೇನರ್, ಅಂದ್ರೆ ಚಾರ್ಜ್ ಇಳಿಯದ ಹಾಗೆ ನೋಡ್ಕೊಳ್ಳೋ ಪುಟ್ಟ ಚಾರ್ಜರ್ ಬೇಕು.

ಪ್ರಶ್ನೆ (ಕ್ಯಾಲ್ಗರಿ ಸದಸ್ಯರು):
ನಮ್ಮದು ಲಿಥಿಯಂ, ಮೇಲೆ ಸೋಲಾರ್ ಇದೆ, ಹಾಗಾಗಿ ಏನೂ ಮಾಡೋದು ಬೇಡ ಅಲ್ವಾ?

ಉತ್ತರ:
ನಿಮಗೇ ಎಲ್ಲರಿಗಿಂತ ಹೆಚ್ಚು ಎಚ್ಚರಿಕೆ ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಕೊಡಲೇಬಾರದು, ಲಿಥಿಯಂ ಲೋಹವಾಗಿ ಒಳಗೆ ಮೆತ್ತಿಕೊಳತ್ತೆ, ಆ ಪೆಟ್ಟು ವಾಪಸ್ ಸರಿಯಾಗಲ್ಲ. ಒಳ್ಳೇ ಬ್ಯಾಟರಿಯ ಬಿಎಂಎಸ್ (ಬ್ಯಾಟರಿ ಕಾಯೋ ಒಳಗಿನ ಎಲೆಕ್ಟ್ರಾನಿಕ್ ಬೋರ್ಡು) ಚಳೀಲಿ ಚಾರ್ಜನ್ನ ತಾನೇ ತಡೆಯತ್ತೆ, ಆದ್ರೆ ನಿಮ್ಮದರಲ್ಲಿ ಆ ಸೌಲಭ್ಯ ಇದೆಯಾ ಅಂತ ಮ್ಯಾನುಯಲ್ ತೆಗೆದು ನೋಡಿ, ಅಂದಾಜಿಗೆ ಬಿಡಬೇಡಿ. ಚಳಿಗಾಲಕ್ಕೆ ಸೋಲಾರ್ ಕಡೆಯಿಂದ ಬರೋ ಲೈನ್ ಕೂಡ ಬಿಚ್ಚಿ, ಚಾರ್ಜ್ ಅರ್ಧದ ಮೇಲಿರಲಿ, ಫುಲ್ ಬೇಕಾಗಿಲ್ಲ. ಲೆಡ್ ಆಸಿಡ್ ಇರೋರಿಗೂ ಹೇಳ್ತೀನಿ, ಪ್ಯಾನಲ್ ಮೇಲೆ ಹಿಮ ಬಿದ್ರೆ ಅಥವಾ ಗಾಡಿಗೆ ಕವರ್ ಹಾಕಿದ್ರೆ ಸೋಲಾರ್ ಇದ್ದೂ ಇಲ್ಲದ ಲೆಕ್ಕ.

ಪ್ರಶ್ನೆ (ಮಿಷಿಗನ್ ಸದಸ್ಯರು):
ಹೋದ ವರ್ಷದ ನಮ್ಮ ಲೆಡ್ ಆಸಿಡ್ ಬ್ಯಾಟರಿ ಪಕ್ಕ ಉಬ್ಬಿದೆ, ಚಾರ್ಜ್ ಹಾಕಿ ನೋಡ್ಲಾ?

ಉತ್ತರ:
ಬೇಡ, ದಯವಿಟ್ಟು ಬೇಡ. ಹೆಪ್ಪುಗಟ್ಟಿ ಉಬ್ಬಿದ್ದಕ್ಕೆ ಚಾರ್ಜ್ ಕೊಟ್ರೆ ಸಿಡಿಯೋ ಅಪಾಯ ಇದೆ, ಜಂಪ್ ಸ್ಟಾರ್ಟೂ ಮಾಡಬೇಡಿ. ಕನ್ನಡಕ, ಗ್ಲೌಸ್ ಹಾಕ್ಕೊಂಡು ಪ್ಲಾಸ್ಟಿಕ್ ಟಬ್ಬಲ್ಲಿ ನೆಟ್ಟಗೆ ನಿಲ್ಲಿಸಿ, ಕರಗಿದಾಗ ಆಸಿಡ್ ಸೋರಬಹುದು. ಹೊಸದು ತಗೊಳ್ಳೋ ಅಂಗಡಿಗೇ ಕೊಡಿ, ಹಳೇದು ವಾಪಸ್ ಕೊಟ್ರೆ ಕೋರ್ ಚಾರ್ಜ್ ಅಂತ ಹಿಡಿಯೋ ದುಡ್ಡು ಉಳಿಯತ್ತೆ.